ಪಾಪುಟ್ಟು ತಟ್ಟೆಯಲ್ಲಿ ಪ್ಯಾಶನ್ ಫ್ರೂಟ್ ಮೋಚಿ: ನನ್ನ ಅನುಭವ

ಪ್ಯಾಶನ್ ಫ್ರೂಟ್ ನೀರು ಬಿಡುತ್ತದೆ, ಅಂಟಕ್ಕಿ ಹಿಟ್ಟಿನ ಕಣಕದಲ್ಲಿ ಹೂರಣ ಸುತ್ತುವ ಜಪಾನಿನ ಸಿಹಿ ಮೋಚಿಗೆ ಆಗುವುದಿಲ್ಲ ಅಂದರು. ಹಾಲಿನ ಕ್ರೀಮ್ ನಿಲ್ಲುವುದಿಲ್ಲ, ಡಬ್ಬಿಯಲ್ಲಿ ಬರುವ ವಿಪ್ ಟಾಪಿಂಗನ್ನೇ ಹಾಕಬೇಕು ಅಂದರು. ಮೈಕ್ರೋವೇವ್ ಇಲ್ಲದೆ ಇದಕ್ಕೆ ಕೈ ಹಾಕಲೇಬೇಡ ಅಂತ ಮೈಸೂರಿನಲ್ಲಿ ನನ್ನ ಜೊತೆ ಬೇಕಿಂಗ್ ಕಲಿತ ಗೆಳತಿಯೇ ಹೇಳಿದ್ದಳು. ಈಗ ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಹೋಮ್‌ಸ್ಟೇಗೆ ಬಂದವರಿಗೆ ಊಟದ ಮೇಲೆ ಕೊಡುವುದು ಹಬೆಯಲ್ಲಿ ಬೇಯಿಸಿದ ಕಣಕಕ್ಕೆ ಅದೇ ಪ್ಯಾಶನ್ ಫ್ರೂಟು, ಅದೇ ಹಾಲಿನ ಕ್ರೀಮು ತುಂಬಿದ ಮೋಚಿ. ಮಡಿಕೇರಿಯ ಒಂದು ಕೆಫೆಗೂ ವಾರಕ್ಕೆ ನೂರರ ಸುಮಾರು ಹೋಗುತ್ತಿದೆ. ಒಂದೆರಡು ಸಲ ಮಾಡಿ ನೋಡಿ ಕೈಬಿಟ್ಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಾಗಾಗಿ ಕ್ರೀಮ್ ಬೀಟ್ ಮಾಡುವುದು ಹೇಗೆ ಅನ್ನುವಂಥದ್ದೆಲ್ಲ ಇಲ್ಲಿಲ್ಲ.

ಹಿಟ್ಟಿನ ವಿಷಯದಲ್ಲಿ ಮಾತ್ರ ಒಂದು ಮಾತು. ಕೊಡಗಿನ ಅಕ್ಕಿ ಕಡುಬು ಕಡಂಬುಟ್ಟಿನ ತರಿಯನ್ನೇ ನುಣ್ಣಗೆ ಬೀಸಿಸಿ ಮಾಡಬಹುದಲ್ಲ ಅಂತ ಇಲ್ಲಿ ಎಲ್ಲರೂ ಕೇಳುತ್ತಾರೆ. ಆಗುವುದಿಲ್ಲ. ನಮ್ಮ ಅಕ್ಕಿಯಲ್ಲಿ ಅಮೈಲೋಸ್ ಅನ್ನುವ ಬಗೆಯ ಪಿಷ್ಟ ಇದೆ, ಬೆಂದು ಆರಿದ ಮೇಲೆ ಗಟ್ಟಿ ಕೂರುತ್ತದೆ. ಅಂಟಕ್ಕಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಅದಕ್ಕೇ ಎಳೆದಷ್ಟು ಹಿಗ್ಗುತ್ತದೆ. ನಾನು ತರಿಸುವುದು ಥಾಯ್ಲೆಂಡಿನ ಹಸಿರು ಅಕ್ಷರದ ಪ್ಯಾಕೆಟ್ಟು. ಕೆಂಪು ಅಕ್ಷರದ್ದು ಮಾಮೂಲಿ ಅಕ್ಕಿ ಹಿಟ್ಟು, ಆನ್‌ಲೈನಿನಲ್ಲಿ ಎರಡೂ ಅಕ್ಕಪಕ್ಕ ಕೂತಿರುತ್ತವೆ, ನೋಡಿ ಒತ್ತಿ. ಅರ್ಧ ಕೆಜಿಗೆ ಕೊರಿಯರ್ ಸೇರಿ ನೂರ ತೊಂಬತ್ತರ ಆಸುಪಾಸು ಬೀಳುತ್ತದೆ.

ನೂರು ಗ್ರಾಂ ಹಿಟ್ಟಿಗೆ ಅರುವತ್ತು ಗ್ರಾಂ ಸಕ್ಕರೆ, ನೂರ ಅರುವತ್ತು ಎಂ.ಎಲ್. ಹಾಲು. ಸಕ್ಕರೆ ಜಾಸ್ತಿ ಅನ್ನಿಸಬಹುದು, ಆದರೆ ಕಡಿಮೆ ಮಾಡಬೇಡಿ. ಕಣಕವನ್ನು ಮೆತ್ತಗೆ ಉಳಿಸುವುದೇ ಸಕ್ಕರೆ. ಇಪ್ಪತ್ತೈದು ಗ್ರಾಂ ಹಾಕಿದ್ದ ಕಾಲದಲ್ಲಿ ಸಂಜೆ ಮಾಡಿದ್ದು ಬೆಳಿಗ್ಗೆಗೆ ರಬ್ಬರಾಗುತ್ತಿತ್ತು. ಕಲಸಿ, ಜರಡಿ ಹಿಡಿದು, ಕೊಡಗಿನ ಹಬೆ ತಿಂಡಿ ಪಾಪುಟ್ಟು ಮಾಡುವ ತಟ್ಟೆಗೆ ಒಂದು ಹನಿ ಎಣ್ಣೆ ಸವರಿ ತೆಳ್ಳಗೆ, ಅರ್ಧ ಇಂಚೂ ಬೇಡ, ಹೊಯ್ಯಿರಿ. ನನ್ನ ಗೆಲುವು ಇರುವುದು ಈ ತೆಳುವಿನಲ್ಲೇ. ಬಟ್ಟಲಲ್ಲಿ ದಪ್ಪಗೆ ಹೊಯ್ದು ಬೇಯಿಸಿದರೆ ಅಂಚು ಬೆಂದು ನಡುವೆ ಹಸಿ ಉಳಿಯುತ್ತದೆ, ಮೈಕ್ರೋವೇವಿನಲ್ಲಾದರೆ ಅಂಚು ಒಣಗಿ ಗಂಟು ಕಟ್ಟುತ್ತದೆ. ಹಾಲು, ತರಿ, ಕಾಯಿತುರಿ ಹೊಯ್ದು ಬೇಯಿಸಲು ನಮ್ಮತ್ತೆ ಇಟ್ಟುಕೊಂಡಿದ್ದ ತಟ್ಟೆಗಳು ಇದಕ್ಕೆಂದೇ ಮಾಡಿಸಿದ ಹಾಗಿವೆ. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಹಬೆನೀರು ತೊಟ್ಟಿಕ್ಕಿ ಮೇಲೆ ಗುಳಿ ಬೀಳುತ್ತದೆ. ಹದಿನೆಂಟು ಇಪ್ಪತ್ತು ನಿಮಿಷ. ಸುಣ್ಣದಂಥ ಬಿಳಿ ಬಣ್ಣ ಹೋಗಿ ತಟ್ಟೆಯ ತಳ ಮಸುಕಾಗಿ ಕಾಣತೊಡಗಬೇಕು. ಒದ್ದೆ ಬೆರಳಿನಿಂದ ನಡುವೆ ಒತ್ತಿ ಎತ್ತಿದರೆ ದಾರದ ಹಾಗೆ ಮೇಲೆದ್ದು, ತುಂಡಾಗದೆ ನಿಧಾನಕ್ಕೆ ವಾಪಸು ಕೂರಬೇಕು. ಕೂತರೆ ಬೆಂದಿದೆ. ಬಿಸಿ ಇರುವಾಗಲೇ ಚೂರು ಬೆಣ್ಣೆ ಹಾಕಿ ಮರದ ಸೌಟಿನಿಂದ ಚೆನ್ನಾಗಿ ಮಗುಚಿ, ತೋಳು ನೋಯುವ ತನಕ. ಮಗುಚಿದಷ್ಟೂ ನಯ.

ಇನ್ನು ಕ್ರೀಮು. ನನ್ನ ದುಡ್ಡು ಹೆಚ್ಚು ಹೋದದ್ದು ಇದರಲ್ಲೇ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಶೇಕಡಾ 25 ಕೊಬ್ಬಿನ ಫ್ರೆಶ್ ಕ್ರೀಮನ್ನು ಎಷ್ಟು ಬೀಟ್ ಮಾಡಿದರೂ ನಿಲ್ಲುವುದಿಲ್ಲ, ಕನಿಷ್ಠ 30 ಬೇಕು, 35 ಇದ್ದರೆ ನಿಶ್ಚಿಂತೆ. ಅದು ಸುಂಟಿಕೊಪ್ಪದಲ್ಲಿ ಸಿಗುವುದಿಲ್ಲ, ಕುಶಾಲನಗರದಿಂದ ಹೇಳಿ ತರಿಸಬೇಕು. ಅದಕ್ಕೆ ಮೊದಲು ಎಲ್ಲರ ಮಾತು ಕೇಳಿ ನಾನ್ ಡೇರಿ, ಅಂದರೆ ಹಾಲಿನದಲ್ಲದ, ಟಾಪಿಂಗ್ ಡಬ್ಬಿಗಳನ್ನು ಒಟ್ಟಿಗೆ ತರಿಸಿಟ್ಟಿದ್ದೆ. ಜುಲೈ ಮಳೆಗೆ ಮರ ಬಿದ್ದು ಲೈನು ಹರಿದು ಎರಡು ದಿನ ಕರೆಂಟಿಲ್ಲ. ಅಷ್ಟೂ ಕರಗಿ ಒಡೆದು ಹೋಯಿತು. ನಾಲ್ಕೈದು ಸಾವಿರ ಇರಬೇಕು. ಆದರೆ ಆ ನಷ್ಟದಿಂದಲೇ ದಾರಿ ತೆರೆಯಿತು, ಟಾಪಿಂಗ್ ಬಿಟ್ಟು ಹಾಲಿನ ಕ್ರೀಮಿಗೆ ಬಂದೆ. ಬಾಯಿಗಿಟ್ಟರೆ ಎರಡಕ್ಕೂ ಹೋಲಿಕೆಯೇ ಇಲ್ಲ. ಟಾಪಿಂಗ್ ಅಂಗುಳಕ್ಕೆ ಜಿಡ್ಡಾಗಿ ಅಂಟಿಕೊಳ್ಳುತ್ತದೆ, ಪ್ಯಾಶನ್ ಫ್ರೂಟಿನ ಹುಳಿಯನ್ನು ಮುಚ್ಚಿಬಿಡುತ್ತದೆ. ಕ್ರೀಮ್ ಬೀಟ್ ಮಾಡುವಾಗ ಒಂದು ಪುಡಿಯನ್ನು ಎರಡು ಚಮಚ ಸೇರಿಸುತ್ತೇನೆ, ಎಲ್ಲರ ಮನೆಯಲ್ಲೂ ಇರುವ ವಸ್ತುವೇ. ಅದು ನನ್ನ ಕೈಯಲ್ಲೇ ಇರಲಿ.

ಪ್ಯಾಶನ್ ಫ್ರೂಟ್ ನಮ್ಮಲ್ಲಿ ಬೇಲಿಗೆ ಹಬ್ಬಿಕೊಂಡು ತಾನಾಗಿ ಬೆಳೆಯುತ್ತದೆ. ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದಿಂದ ಬಂದ ಕಾವೇರಿ ತಳಿ ಸಿಕ್ಕಿದರೆ ಒಳ್ಳೆಯದು, ನೇರಳೆ ಬಣ್ಣದ ಪ್ಯಾಶನ್ ಫ್ರೂಟಿನ ಘಮವೂ ಇದೆ, ಹಳದಿ ಬಣ್ಣದ್ದರ ಹುಳಿಯೂ ಇದೆ. ಸಿಪ್ಪೆ ನಯವಾಗಿ ಹೊಳೆಯುವ ಹಣ್ಣು ನೋಡಲು ಚೆಂದ, ಕೆಲಸಕ್ಕೆ ಬೇಕಾದದ್ದು ಸುಕ್ಕುಗಟ್ಟಿದ್ದು. ಕೆಜಿಗೆ ಎಂಬತ್ತರಿಂದ ನೂರು, ಒಂದು ಕೆಜಿಗೆ ಮುನ್ನೂರು ಚಿಲ್ಲರೆ ಗ್ರಾಂ ರಸ. ಬೀಜ ಸಮೇತ ಹಾಕಿದರೆ ಚೆಂದ ಕಾಣುತ್ತದೆ ಅಂತ ಕೆಲವರು ಹಾಕುತ್ತಾರೆ. ಬೇಡ, ಬೀಜದ ಮೊನೆ ಕಣಕವನ್ನು ಒಳಗಿಂದ ಸೀಳುತ್ತದೆ, ಫ್ರೀಜರಿನಿಂದ ತೆಗೆದಾಗ ಅಲ್ಲೇ ಸೋರುತ್ತದೆ. ಹಸಿ ರಸವನ್ನು ಕ್ರೀಮಿಗೆ ಬೆರೆಸಿದರೆ ಹುಳಿಗೆ ಕ್ರೀಮ್ ಒಡೆಯುತ್ತದೆ. ನೀರು ಬಿಡುತ್ತದೆ ಅಂದವರೆಲ್ಲ ಮಾಡಿರುವುದು ಇದನ್ನೇ. ರಸವನ್ನು ಮೊಟ್ಟೆಯ ಹಳದಿ, ಸಕ್ಕರೆ ಜೊತೆ ಸಣ್ಣ ಉರಿಯಲ್ಲಿ, ಕೆಳಗೆ ಬಿಸಿನೀರಿನ ಪಾತ್ರೆ ಇಟ್ಟು ತಿರುವುತ್ತಾ 80 ಡಿಗ್ರಿ ದಾಟಿಸಿ, ಇಳಿಸಿ, ತಣ್ಣನೆ ಬೆಣ್ಣೆ ಸೇರಿಸಬೇಕು. ಪೂರ್ತಿ ಆರಿದ ಮೇಲೆ ಆ ಬೆಣ್ಣೆಯೇ ಅದನ್ನು ಹಿಡಿದು ನಿಲ್ಲಿಸುತ್ತದೆ. ಮೊಟ್ಟೆ ತಿನ್ನದವರಿಗೆ ಕಾರ್ನ್‌ಫ್ಲೋರ್ ಹಾಕಿ ಬೇರೆ ಮಾಡುತ್ತೇನೆ, ರುಚಿ ಒಂದು ಮೆಟ್ಟಿಲು ಕೆಳಗೆ. ಹೀಗೆ ಗಟ್ಟಿ ಮಾಡಿದ ರಸ ಒಂದು ಪಾಲು, ಬೀಟ್ ಮಾಡಿದ ಕ್ರೀಮ್ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಎರಡೂ ಬೆರೆತರೆ ಹೂರಣ.

ಈಗ ಮುಖ್ಯ ವಿಷಯ. ಮೆತ್ತನೆಯ ಕ್ರೀಮನ್ನು ಚಮಚದಲ್ಲಿ ಇಟ್ಟು ಸುತ್ತಲು ಹೋದರೆ ಯಾರ ಕೈಯಲ್ಲೂ ಆಗುವುದಿಲ್ಲ. ನಾನು ಹೂರಣವನ್ನು ಅರೆಗೋಳದ ಸಿಲಿಕೋನ್ ಅಚ್ಚಿಗೆ ಹಾಕಿ, ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ಕಲ್ಲಾದ ಮೇಲೆ ಸುತ್ತುತ್ತೇನೆ, ಸುತ್ತಿದ್ದನ್ನೂ ಫ್ರೀಜರಿನಲ್ಲೇ ಇಡುತ್ತೇನೆ. ಇದಕ್ಕೂ ವಿರೋಧ ಬಂತು, ತಣ್ಣಗಿಟ್ಟರೆ ಮೋಚಿ ಗಟ್ಟಿಯಾಗುತ್ತದೆ ಅಂತ. ಗಟ್ಟಿಯಾಗುವುದು ಫ್ರಿಜ್ಜಿನಲ್ಲಿ. ಆ ಸಣ್ಣ ಚಳಿಯಲ್ಲೇ ಬೆಂದ ಪಿಷ್ಟ ಬೇಗ ಬಿರುಸಾಗುತ್ತದೆ. ಅದನ್ನು ದಾಟಿಸಿ ನೇರ ಫ್ರೀಜರಿಗೆ ಹಾಕಿದರೆ, ಸಕ್ಕರೆ ಸಾಕಷ್ಟಿದ್ದರೆ, ಏನೂ ಆಗುವುದಿಲ್ಲ. ಜಪಾನಿನಲ್ಲಿ ಯುಕಿಮಿ ದೈಫುಕು ಅನ್ನುವ ಐಸ್‌ಕ್ರೀಮ್ ಮೋಚಿ 1981ರಿಂದ ಮಾರಾಟದಲ್ಲಿದೆ. ಅದು ಫ್ರೀಜರಿನಿಂದಲೇ ನೇರ ಬಾಯಿಗೆ ಹೋಗುವ ತಿಂಡಿ.

ಸುತ್ತುವಾಗ ಕಣಕ ಬೆಚ್ಚಗೂ ಇರಬಾರದು, ತೀರ ತಣ್ಣಗೂ ಇರಬಾರದು. ಬೆಚ್ಚಗಿದ್ದರೆ ಕ್ರೀಮ್ ಕರಗುತ್ತದೆ, ತಣ್ಣಗಾದರೆ ಅಂಚು ಕೂಡುವುದಿಲ್ಲ. ಅಂಗೈಗೆ ಬಿಸಿಯೂ ತಂಪೂ ಗೊತ್ತಾಗದ ಹದ. ಕಾರ್ನ್‌ಫ್ಲೋರನ್ನು ಮೊದಲೇ ಬಾಣಲೆಯಲ್ಲಿ ಬಣ್ಣ ತಿರುಗದ ಹಾಗೆ ಹುರಿದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಮಳೆಗಾಲದಲ್ಲಿ ತೆರೆದಿಟ್ಟರೆ ತೇವ ಎಳೆದುಕೊಂಡು ಕಣಕಕ್ಕೇ ಅಂಟುತ್ತದೆ. ಅದನ್ನು ಉದುರಿಸಿ ಕಣಕ ಲಟ್ಟಿಸಿ, ಸ್ಟೀಲ್ ಡಬ್ಬಿಯ ಬಾಯಿಂದ ಬಿಲ್ಲೆ ಕತ್ತರಿಸಿ. ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಬಿಲ್ಲೆಯ ಅಂಚಿನ ಹಿಟ್ಟನ್ನು ಒಣ ಬ್ರಶ್ಶಿನಿಂದ ಪೂರ್ತಿ ಕೊಡವಬೇಕು. ಒಂದು ಚಿಟಿಕೆ ಹಿಟ್ಟು ಉಳಿದರೂ ಜೋಡಣೆ ಬಾಯಿಬಿಡುತ್ತದೆ. ಹೋಳಿಗೆಗೆ ಹೂರಣ ಮುಚ್ಚಿದ ಹಾಗೇ ನಾಲ್ಕು ಕಡೆಯಿಂದ ಮೇಲೆ ತಂದು ಹಿಂಡಿ, ಹೆಚ್ಚಾದದ್ದನ್ನು ಚಿವುಟಿ ತೆಗೆದು, ಜೋಡಣೆ ಕೆಳಗೆ ಮಾಡಿ ಸಣ್ಣ ಕಪ್‌ನಲ್ಲಿ ಕೂರಿಸಿ. ಒಳಗಿನದು ಕಲ್ಲಾಗಿರುವುದರಿಂದ ಕೈ ಬಿಗಿದರೂ ಹೆದರಿಕೆಯಿಲ್ಲ. ಹೂರಣವನ್ನು ಫ್ರೀಜರಿನಿಂದ ನಾಲ್ಕು ನಾಲ್ಕೇ ಹೊರಗೆ ತೆಗೆಯುತ್ತೇನೆ. ಈಗ ನನ್ನ ಕೈ ಗಂಟೆಗೆ ಐವತ್ತು ಅರುವತ್ತು ಸುತ್ತುತ್ತದೆ, ಒಂದೂ ಸೋರುವುದಿಲ್ಲ.

ಕರೆಂಟಿನ ಚಿಂತೆ ಬಿಟ್ಟದ್ದು ಕುಶಾಲನಗರದಲ್ಲಿ ಸೆಕೆಂಡ್ ಹ್ಯಾಂಡ್ ಡೀಪ್ ಫ್ರೀಜರ್ ತೆಗೆದ ಮೇಲೆ, ಒಂಬತ್ತು ಸಾವಿರ ಕೊಟ್ಟ ನೆನಪು. ಮೇಲಿಂದ ಬಾಗಿಲು ತೆಗೆಯುವಂಥದ್ದೇ ಇರಲಿ. ಖಾಲಿ ಜಾಗಕ್ಕೆ ಉಪ್ಪುನೀರಿನ ಬಾಟಲಿಗಳನ್ನು ಹೆಪ್ಪುಗಟ್ಟಿಸಿ ತುಂಬಿಟ್ಟಿದ್ದೇನೆ, ಮುಚ್ಚಳ ತೆಗೆಯದಿದ್ದರೆ ಒಂದು ಹಗಲು ದಾಟಿಸುತ್ತದೆ.

ನಡುವೆ ಮಾಡಿ ನೋಡಿದ್ದೂ ಬಹಳ. ಅನಾನಸು ಹಸಿಯಾಗಿ ಕ್ರೀಮಿಗೆ ಸೇರಿಸಿದರೆ ಕಹಿ ಬರುತ್ತದೆ, ಅದರಲ್ಲಿರುವ ಬ್ರೊಮೆಲೈನ್ ಅನ್ನುವ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ. ಕುದಿಸಿ ಹಾಕಿದರೆ ಸರಿಹೋಗುತ್ತದೆ. ಪಪ್ಪಾಯಿಯದೂ ಅದೇ ಕಥೆ. ಬೆಣ್ಣೆಹಣ್ಣು ಸೊಗಸಾಗಿ ಬಂತು, ನಿಂಬೆರಸ ಹಿಂಡಿ, ತೋಟದ ಜೇನು ಹಾಕಿ ತಿರುವಿದರೆ ಕ್ರೀಮ್ ಅರ್ಧಕ್ಕರ್ಧ ಕಡಿಮೆ ಸಾಕು. ಜಪಾನಿನವರು ಹುರಿದ ಸೋಯಾ ಹಿಟ್ಟು ಉದುರಿಸುತ್ತಾರೆ, ನಾನು ಹುರಿಗಡಲೆ ಹಿಟ್ಟಿಗೆ ಏಲಕ್ಕಿ ಸೇರಿಸಿ ಉದುರಿಸಿದೆ. ಕೆಫೆಯವರು ಈಗ ಅದನ್ನೇ ಕೇಳುತ್ತಾರೆ.

ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಅಸ್ಸಾಮಿನ ಅಂಟಕ್ಕಿ, ಬೋರಾ ಅಕ್ಕಿ. ಪಕ್ಕದ ತೋಟದ ಕೆಲಸದವರ ಲೈನ್‌ಮನೆಯಲ್ಲಿ ಅಸ್ಸಾಮಿನವರಿದ್ದಾರೆ. ಅವರಲ್ಲೊಬ್ಬಾಕೆ ನನ್ನ ಮೋಚಿ ತಿಂದು, ಇಂಥ ಅಂಟಕ್ಕಿ ನಮ್ಮೂರಲ್ಲಿ ಪಿಠಾ ಅನ್ನುವ ತಿಂಡಿಗೆ ಹಾಕುತ್ತೇವೆ ಅಕ್ಕಾ ಅಂತ ಹೇಳಿ, ಊರಿಗೆ ಹೋದವಳು ಐದು ಕೆಜಿ ತಂದುಕೊಟ್ಟಳು. ಮಿಲ್ಲಿನಲ್ಲಿ ಒಣಗಿದ್ದನ್ನೇ ಬೀಸಿಸಿದಾಗ ಕಣಕ ತರಿತರಿ. ರಾತ್ರಿ ನೆನೆಸಿ, ಗ್ರೈಂಡರಿನಲ್ಲಿ ನೀರು ಹಾಕಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಕಟ್ಟಿ ಮೇಲೆ ಕಲ್ಲು ಹೇರಿ ನೀರಿಳಿಸಿ ಬಳಸಿದಾಗ ಪ್ಯಾಕೆಟ್ಟಿನ ಹಿಟ್ಟನ್ನು ಮೀರಿಸಿತು. ಘಮವೇ ಬೇರೆ. ನೀರಿನ ಲೆಕ್ಕ ಮಾತ್ರ ಪ್ರತಿ ಸಲ ಕೈಹದದ ಮೇಲೆ ಹೋಗಬೇಕು. ಇದನ್ನು ಮಾರುವುದಿಲ್ಲ, ಮನೆಗೆ ಮಾತ್ರ.

ಲೆಕ್ಕಕ್ಕೆ ಬಂದರೆ, ನೂರು ಗ್ರಾಂ ಹಿಟ್ಟಿಗೆ ಒಂಬತ್ತು ಮೋಚಿ. ಒಂದಕ್ಕೆ ಹಿಟ್ಟು ನಾಲ್ಕು ರೂಪಾಯಿ, ಕ್ರೀಮ್ ಏಳು, ಹಣ್ಣು ಎರಡು, ಬೆಣ್ಣೆ ಮೊಟ್ಟೆ ಸಕ್ಕರೆ ಹಾಲು ಗ್ಯಾಸು ಕಪ್ ಎಲ್ಲ ಸೇರಿ ಇಪ್ಪತ್ತೆರಡರ ಹತ್ತಿರ. ಕೆಫೆಗೆ ಐವತ್ತು, ನಮ್ಮಲ್ಲಿ ಉಳಿದುಕೊಂಡವರಿಗೆ ಎಪ್ಪತ್ತು. ಶುರುವಿನಲ್ಲಿ ಹೋದ ಹದಿನೈದು ಸಾವಿರ ನಾಲ್ಕೈದು ತಿಂಗಳಲ್ಲಿ ವಾಪಸು ಬಂತು. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳದೆ ಹೊರಗೆ ಕೊಡಬೇಡಿ. ನಾನು ಮಾಡಿಸಿದಾಗ ಸಣ್ಣ ತಯಾರಕರಿಗೆ ವರ್ಷಕ್ಕೆ 100 ರೂಪಾಯಿ ಇತ್ತು.

ಕೊಡುವ ಮೊದಲು ಫ್ರೀಜರಿನಿಂದ ತೆಗೆದು ಮಡಿಕೇರಿಯ ಚಳಿಗೆ ಹೊರಗೆ ಇಪ್ಪತ್ತೈದು ನಿಮಿಷ ಇಡಿ, ಕುಶಾಲನಗರದ ಸೆಕೆಗೆ ಹದಿನೈದು ಸಾಕು. ಮಕ್ಕಳಿಗೆ, ವಯಸ್ಸಾದವರಿಗೆ ಇಡಿಯಾಗಿ ಕೊಡಲೇಬೇಡಿ. ಜಪಾನಿನಲ್ಲಿ ಹೊಸ ವರ್ಷದ ಹೊತ್ತಿಗೆ ಮೋಚಿ ಗಂಟಲಿಗೆ ಸಿಕ್ಕಿ ಹಿರಿಯರು ಸತ್ತ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಮೊದಲು ಅನುಮಾನಿಸಿದ್ದ ನಮ್ಮತ್ತೆ ಈಗ ದಿನಾ ಒಂದು ಕೇಳುತ್ತಾರೆ, ಅವರಿಗೂ ಆರು ತುಂಡು ಮಾಡಿಯೇ ಕೊಡುವುದು.

ಕೊಡಗಿನ ಕಿತ್ತಳೆ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ರಸ ಬಿಸಿ ಮಾಡಿದರೆ ಘಮ ಹೋಗುತ್ತದೆ, ತೊಳೆ ಇಟ್ಟರೆ ಕರಗಿದಾಗ ನೀರು ಬಿಡುತ್ತದೆ. ತೋಟದಲ್ಲಿ ಉಳಿದಿರುವುದೂ ಕೆಲವೇ ಮರ, ಹಾಳು ಮಾಡಲು ಮನಸ್ಸು ಬರುವುದಿಲ್ಲ. ಸಿಪ್ಪೆಯ ಮೇಲ್ಭಾಗವನ್ನು ಸಣ್ಣಗೆ ತುರಿದು ಕಣಕಕ್ಕೆ ಹಾಕಿದಾಗ ಪರಿಮಳ ಪೂರ್ತಿ ನಿಂತಿತು. ಹಾಗಾಗಿ ಈ ಸಲ ಹಣ್ಣು ಬಂದಾಗ ಕಿತ್ತಳೆ ಕಣಕಕ್ಕೆ, ಹೂರಣಕ್ಕೆ ಬರೀ ಕ್ರೀಮು ಜೇನು ಹಾಕಿ ನೋಡುತ್ತೇನೆ.