ಮುಚ್ಚಿದ ಕಾಮರ್ಸ್ ಇನ್‌ಸ್ಟಿಟ್ಯೂಟಿನ ದಾಖಲೆಗಳು: ವಿಂಗಡಿಸಿ ಉಳಿಸಿದ ಬಗೆ

ಬುಕ್‌ಕೀಪಿಂಗ್, ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿಸುತ್ತಿದ್ದ ಖಾಸಗಿ ಕಾಮರ್ಸ್ ಇನ್‌ಸ್ಟಿಟ್ಯೂಟುಗಳು ಒಂದು ಕಾಲಕ್ಕೆ ನಮ್ಮ ತಾಲ್ಲೂಕು ಪಟ್ಟಣಗಳಲ್ಲೂ ಇದ್ದವು. ಬ್ಯಾಂಕಿನ ಗುಮಾಸ್ತರು, ಮಂಡಿಯ ಲೆಕ್ಕ ಬರೆಯುವವರು ಎಷ್ಟೋ ಮಂದಿ ಅಲ್ಲಿ ಕಲಿತವರೇ. ಇಂಥ ಶಾಲೆ ಮುಚ್ಚಿದರೆ ಅದರ ದಾಖಲೆಗೆ ವಾರಸುದಾರರೇ ಇರುವುದಿಲ್ಲ. ಅಮೆರಿಕದ ವಾಷಿಂಗ್ಟನ್ನಿನಲ್ಲಿ ಲೆಕ್ಕಶಾಸ್ತ್ರಕ್ಕೇ ಹೆಸರಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ಯೂನಿವರ್ಸಿಟಿ 1987ರಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವಿಲೀನವಾಯಿತು, ಹಾಗಾಗಿ ಅದರ ಹಿಂದಿನದಕ್ಕೆ ಉತ್ತರ ಕೊಡಲು ಒಂದು ಸಂಸ್ಥೆ ಉಳಿಯಿತು. ನಮ್ಮಲ್ಲಿ ದಾಖಲೆ ಉಳಿಯುವುದು ಮಾಲೀಕರ ಮನೆಯ ಅಟ್ಟದಲ್ಲಿ, ಮನೆ ಮಾರುವ ತನಕ.

ಇಂಥ ದಾಖಲೆ ಕೈಗೆ ಬಂದಾಗ ನಾನು ಮೊದಲು ಕಾಪಾಡುವುದು ನಾಲ್ಕನ್ನು: ದಾಖಲಾತಿ ರಿಜಿಸ್ಟರ್, ಫೀ ರಸೀದಿಯ ಕೌಂಟರ್‌ಫಾಯಿಲ್, ನಗದು ಪುಸ್ತಕ, ಖಾತೆ ಪುಸ್ತಕ. ಒಬ್ಬ ವಿದ್ಯಾರ್ಥಿ ಸೇರಿದ ದಿನ ರಿಜಿಸ್ಟರಿನಲ್ಲಿ, ಕಟ್ಟಿದ ಹಣ ಕೌಂಟರ್‌ಫಾಯಿಲ್‌ನಲ್ಲಿ, ಅದೇ ರಸೀದಿ ನಂಬರು ನಗದು ಪುಸ್ತಕದ ಜಮಾ ಬದಿಯಲ್ಲಿ, ಅಲ್ಲಿಂದ ಪುಟಸಂಖ್ಯೆ ಹಿಡಿದು ಖಾತೆಯಲ್ಲಿ. ಯಾವ ವರ್ಷ ಎಷ್ಟು ಮಂದಿ ನಡುವೆ ಬಿಟ್ಟರು, ಟೈಪ್‌ರೈಟರ್ ಯಾವಾಗ ಕೊಂಡರು, ಬಾಡಿಗೆ ಎಂದು ಏರಿತು, ಎಲ್ಲವೂ ಈ ನಾಲ್ಕರ ತಾಳೆಯಲ್ಲಿ ಸಿಗುತ್ತದೆ. ಅದಕ್ಕೇ ಗಾತ್ರದ ಪ್ರಕಾರವೋ ವಿಷಯದ ಪ್ರಕಾರವೋ ಹೊಸದಾಗಿ ಜೋಡಿಸಲು ಹೋಗಬಾರದು. ಕಪಾಟು, ಟ್ರಂಕು, ಕಟ್ಟು ಯಾವುದರಲ್ಲಿ ಎಷ್ಟನೆಯದಾಗಿ ಇತ್ತೋ ಅದನ್ನು ಫೋಟೋ ತೆಗೆದು, ಸೀಸದ ಕಡ್ಡಿಯಲ್ಲಿ ಚೀಟಿ ಬರೆದಿಟ್ಟ ಮೇಲೆಯೇ ಕೈ ಹಾಕುತ್ತೇನೆ.

ಒದ್ದೆ, ಬೂಷ್ಟು ಇರುವುದನ್ನು ಮೊದಲೇ ಬೇರೆ ಕೋಣೆಗೆ ಸಾಗಿಸಬೇಕು. ಎನ್-95 ಮಾಸ್ಕ್, ಕೈಗವಸು ಬೇಕೇ ಬೇಕು. ಬೂಷ್ಟನ್ನು ಹಸಿಯಿರುವಾಗ ಒರೆಸಿದರೆ ಕಾಗದದೊಳಕ್ಕೆ ಇಳಿಯುತ್ತದೆ. ನೆರಳಿನ ಗಾಳಿಯಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಮೃದು ಬ್ರಷ್ಷಿನಿಂದ ಹೊರಮುಖವಾಗಿ ಗುಡಿಸಬೇಕು. ಕಾಗದ ತಿನ್ನುವ ಬೆಳ್ಳಿ ಹುಳು (ಸಿಲ್ವರ್‌ಫಿಶ್) ಇದ್ದರೆ ಪುಸ್ತಕವನ್ನು ಪಾಲಿಥಿನ್‌ನಲ್ಲಿ ಗಾಳಿಯಾಡದಂತೆ ಸುತ್ತಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡುತ್ತೇನೆ. ಹೊರತೆಗೆದ ಮೇಲೆ 24 ಗಂಟೆ ಕವರು ಬಿಚ್ಚುವಂತಿಲ್ಲ, ಬಿಚ್ಚಿದರೆ ಗಾಳಿಯ ನೀರು ತಣ್ಣಗಿನ ಕಾಗದದ ಮೇಲೆ ಕೂತು ಶಾಯಿ ಹರಡುತ್ತದೆ. ತುಕ್ಕು ಹಿಡಿದ ಗುಂಡುಸೂಜಿಯನ್ನು ಎಳೆಯಬಾರದು; ಕೆಳಗೆ ತೆಳು ಪಾಲಿಯೆಸ್ಟರ್ ಹಾಳೆ ತೂರಿಸಿ, ಮೊಂಡು ಚಾಕುವಿನಿಂದ ಮೆಲ್ಲಗೆ ಎತ್ತಬೇಕು. ಸೆಲ್ಲೋಟೇಪು, ಲ್ಯಾಮಿನೇಷನ್ ಎರಡೂ ಬೇಡ.

ಕಚೇರಿಗಳಲ್ಲಿ ಕಡತ ಕಟ್ಟುವ ಕೆಂಪು ರುಮಾಲು ನೋಡಲು ಚೆಂದ, ಆದರೆ ತೇವ ತಾಗಿದರೆ ಬಣ್ಣ ಬಿಡುತ್ತದೆ. ಕೋರಾ ಹತ್ತಿ ಬಟ್ಟೆ ತಂದು, ಎರಡು ಸಲ ಬಿಸಿನೀರಲ್ಲಿ ಒಗೆದು ಗಂಜಿ ತೆಗೆದು ಅದರಲ್ಲಿ ಕಟ್ಟುತ್ತೇನೆ. ಗಂಜಿ ಉಳಿದರೆ ಅದೇ ಹುಳುವಿಗೆ ಊಟ.

ಲೆಕ್ಕ ಕಲಿಸುವ ಶಾಲೆಯಲ್ಲಿ ಬೇರೆಲ್ಲೂ ಇಲ್ಲದ ಒಂದು ತೊಡಕಿದೆ: ವಿದ್ಯಾರ್ಥಿಗಳು ಅಭ್ಯಾಸಕ್ಕೆ ಬರೆದ ಕಲ್ಪಿತ ಅಂಗಡಿಗಳ ಜರ್ನಲ್, ಲೆಡ್ಜರ್‌ಗಳು ಅಸಲಿ ಲೆಕ್ಕದ ಜತೆ ಬೆರೆತಿರುತ್ತವೆ. ಅದೇ ಕಾಗದ, ಅದೇ ಗೆರೆ, ಅಷ್ಟೇ ಅಚ್ಚುಕಟ್ಟು ಅಕ್ಷರ. ಊರಿನ ವ್ಯಾಪಾರದ ಚರಿತ್ರೆ ಸಿಕ್ಕಿತೆಂದು ಇವನ್ನು ನಂಬಿ ಬರೆದರೆ ಇಲ್ಲದ ಅಂಗಡಿಗೆ ಚರಿತ್ರೆ ಬರೆದಂತೆ. ಗುರುತಿಸಲು ನಾನು ನೋಡುವುದು: ಮೊತ್ತಗಳು ದುಂಡಗಿರುತ್ತವೆ, ಒಂದೇ ವ್ಯವಹಾರ ಹಲವರ ಪುಸ್ತಕದಲ್ಲಿ ಮರುಕಳಿಸುತ್ತದೆ, ಕೆಂಪು ಶಾಯಿಯ ತಿದ್ದುಪಡಿಯ ಪಕ್ಕ ಅಂಕವಿರುತ್ತದೆ, ವೋಚರು ಇರುವುದಿಲ್ಲ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ರೆವಿನ್ಯೂ ಸ್ಟಾಂಪು. 1899ರ ಸ್ಟಾಂಪ್ ಕಾಯ್ದೆಯಂತೆ 20 ರೂಪಾಯಿ ಮೀರಿದ ರಸೀದಿಗೆ ಒಂದಾಣೆ ಸ್ಟಾಂಪು ಹಚ್ಚಬೇಕಿತ್ತು. ಮಾಸ್ತರರ ಸಂಬಳ ಬಟವಾಡೆ ಪಟ್ಟಿಯಲ್ಲಿ ಸ್ಟಾಂಪಿನ ಮೇಲೆ ಅಡ್ಡ ಸಹಿ ಇದ್ದರೆ ಅದು ಅಸಲಿ. ಅಭ್ಯಾಸ ಪುಸ್ತಕಗಳನ್ನೂ ಬಿಸಾಡಬೇಡಿ. ಏನು ಕಲಿಸುತ್ತಿದ್ದರು, ಹೇಗೆ ತಿದ್ದುತ್ತಿದ್ದರು ಎಂಬುದು ಅಲ್ಲೇ ಇದೆ. ಬೇರೆ ಸರಣಿಯಾಗಿ ಇಡಿ, ಸಾಕು.

ತಾರೀಖಿಲ್ಲದ ಪ್ರಾಸ್ಪೆಕ್ಟಸ್, ಲೆಟರ್‌ಹೆಡ್ಡುಗಳ ಕಾಲ ಹಿಡಿಯಲು ಬೋಧಕರ ಹೆಸರಿನ ಮುಂದಿನ ಅಕ್ಷರಗಳು ನೆರವಾಗುತ್ತವೆ. ಜಿ.ಡಿ.ಎ. ಅಂದರೆ 1918ರಲ್ಲಿ ಮುಂಬಯಿಯಲ್ಲಿ ಶುರುವಾದ ಸರ್ಕಾರಿ ಲೆಕ್ಕಶಾಸ್ತ್ರ ಡಿಪ್ಲೊಮಾ. ಆರ್.ಎ. (ರಿಜಿಸ್ಟರ್ಡ್ ಅಕೌಂಟೆಂಟ್) ಎಂದಿದ್ದರೆ 1932ರ ಆಡಿಟರ ನಿಯಮಗಳ ಅನಂತರದ್ದು. ಎ.ಸಿ.ಎ., ಎಫ್.ಸಿ.ಎ. (ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ಸದಸ್ಯತ್ವ) ಎಂದಿದ್ದು ಅದು ನಮ್ಮ ದೇಶದ ಸಂಸ್ಥೆಯದಾಗಿದ್ದರೆ 1949ರ ಜುಲೈ 1ರ ಈಚಿನದು. ವಿಳಾಸದಲ್ಲಿ ಪಿನ್ ಕೋಡ್ ಬಂದರೆ 1972ರ ಆಗಸ್ಟ್ 15ರ ನಂತರದ್ದು. ಮೈಸೂರು ರಾಜ್ಯ ಎಂಬುದು ಕರ್ನಾಟಕ ಆಗಿದ್ದರೆ 1973ರ ನವೆಂಬರ್ 1ರ ನಂತರದ್ದು. ಹಳೆ ಲೆಟರ್‌ಹೆಡ್ ಮುಗಿಯುವ ತನಕ ಬಳಸುವ ರೂಢಿ ಇರುವುದರಿಂದ ಇದು ಕೆಳಗಿನ ಮಿತಿಯನ್ನಷ್ಟೇ ತಿಳಿಸುತ್ತದೆ.

ಕಂಪ್ಯೂಟರಿಗೆ ಏರಿಸುವಾಗ ಹೆಚ್ಚು ಕೆಡುವುದು ಆಣೆ-ಪೈ. ರೂಪಾಯಿ-ಆಣೆ-ಪೈ ಕ್ರಮದಲ್ಲಿ ಬರೆದ 4-8-0 ಎಂದರೆ ನಾಲ್ಕೂವರೆ ರೂಪಾಯಿ, 4.80 ಅಲ್ಲ, 3-12-0 ಎಂದರೆ 3.75. ಎಕ್ಸೆಲ್‌ನಲ್ಲಿ ಹಾಗೇ ಹೊಡೆದರೆ ತಾರೀಖಾಗಿ ಮಾರ್ಪಡಬಹುದು, ಆದ್ದರಿಂದ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿ, ಇದ್ದದ್ದನ್ನು ಇದ್ದಂತೆ ಬರೆದು, ಪಕ್ಕದ ಕಾಲಮ್ಮಿನಲ್ಲಿ ದಶಮಾಂಶಕ್ಕೆ ತಿರುಗಿಸುತ್ತೇನೆ. ಸೂತ್ರ ಸರಳ: ಆಣೆಯನ್ನು 16ರಿಂದ, ಪೈಯನ್ನು 192ರಿಂದ ಭಾಗಿಸಿ ರೂಪಾಯಿಗೆ ಕೂಡಿಸಬೇಕು. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂದಾಗ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂದು ಲೆಕ್ಕ ಕಟ್ಟಿದರು. ಹಾಗಾಗಿ ಆ ತಿಂಗಳ ಆರಂಭ ಶಿಲ್ಕು (ಮೊದಲಲ್ಲಿದ್ದ ಹಣ) ಹಿಂದಿನ ಅಖೈರು ಶಿಲ್ಕಿಗೆ (ಕೊನೆಗೆ ಉಳಿದ ಹಣಕ್ಕೆ) ಅರೆಪೈಸೆ ಆಚೀಚೆ ಆದರೆ ಗುಮಾಸ್ತರ ತಪ್ಪೆಂದು ತಿದ್ದಬೇಡಿ.

ಸ್ಕ್ಯಾನಿಗೆ ದುಬಾರಿ ಯಂತ್ರ ಬೇಕಿಲ್ಲ. ರಿಜಿಸ್ಟರುಗಳು ಹೆಚ್ಚಾಗಿ ಫೂಲ್ಸ್‌ಕ್ಯಾಪ್, ಉದ್ದ 13 ಇಂಚು. ಎ-4 ಸ್ಕ್ಯಾನರಿಗೆ ಹಿಡಿಸವು, ಒತ್ತಿದರೆ ಬೈಂಡು ಬಿರಿಯುತ್ತದೆ. 12 ಮೆಗಾಪಿಕ್ಸೆಲ್ ಫೋನನ್ನು ಸ್ಟ್ಯಾಂಡಿಗೆ ಕಟ್ಟಿ ಒಂದೊಂದೇ ಪುಟ ತೆಗೆದರೆ ಇಂಚಿಗೆ ಸುಮಾರು 300 ಪಿಕ್ಸೆಲ್ ಸಿಗುತ್ತದೆ. ಎರಡು ಪುಟ ಒಟ್ಟಿಗೆ ತೆಗೆದರೆ ಅದು 230ಕ್ಕೆ ಇಳಿದು ಪೆನ್ಸಿಲ್ ಬರಹ ಮಸುಕಾಗುತ್ತದೆ. ಎರಡೂ ಬದಿಯಿಂದ 45 ಡಿಗ್ರಿ ಬೆಳಕು, ಕಪ್ಪು-ಬಿಳುಪಿನ ಬದಲು ಬಣ್ಣ. ಕೆಂಪು ಶಾಯಿ ಕಳೆದರೆ ಅರ್ಧ ಅರ್ಥ ಹೋಯಿತು. ಖಾಲಿ ಪುಟವನ್ನೂ ತೆಗೆಯಿರಿ. ಇಲ್ಲದಿದ್ದರೆ ಹಾಳೆ ಹರಿದಿತ್ತೇ, ಬಿಟ್ಟುಹೋಯಿತೇ ಎಂದು ಮುಂದೆ ಯಾರಿಗೂ ಗೊತ್ತಾಗದು.

ದಾಖಲಾತಿ ರಿಜಿಸ್ಟರಿನಲ್ಲಿ ಜಾತಿ, ಹುಟ್ಟಿದ ತಾರೀಖು, ತಂದೆಯ ಹೆಸರು ಇರುತ್ತವೆ. ಇದನ್ನು ಇಂಟರ್‌ನೆಟ್ಟಿಗೆ ಹಾಕುವುದು ಸರಿಯಲ್ಲ. ವರ್ಷ, ಕೋರ್ಸು, ಎಷ್ಟು ಮಂದಿ ಎಂಬಷ್ಟನ್ನು ಎಲ್ಲರಿಗೂ ತೆರೆದಿಟ್ಟು, ಹೆಸರಿರುವ ಪುಟವನ್ನು ಆಯಾ ವ್ಯಕ್ತಿಗೋ ಅವರ ಮನೆಯವರಿಗೋ ಗುರುತಿನ ಚೀಟಿ ನೋಡಿ ತೋರಿಸುತ್ತೇನೆ. ಪಾಸಾದ ಪುರಾವೆ ಕೇಳಿ ಬಂದವರಿಗೆ ನೇರವಾಗಿ ಹೇಳಬೇಕು: ಇಲ್ಲಿರುವುದು ಸೇರಿದ ದಾಖಲೆ, ಸರ್ಕಾರಿ ಟೈಪಿಂಗ್, ಶಾರ್ಟ್‌ಹ್ಯಾಂಡ್ ಪರೀಕ್ಷೆಯ ಫಲಿತಾಂಶಕ್ಕೆ ಪರೀಕ್ಷಾ ಮಂಡಳಿಗೇ ಅರ್ಜಿ ಹಾಕಬೇಕು. ಒಯ್ಯದೆ ಉಳಿದ ಸರ್ಟಿಫಿಕೇಟುಗಳಿಗೆ ಬೇರೆ ಲಕೋಟೆ, ಬೇರೆ ಪಟ್ಟಿ. ಕೊಟ್ಟಾಗ ಸಹಿ ಮತ್ತು ತಾರೀಖು.

ಗ್ರಂಥಾಲಯಕ್ಕೋ ಕಾಲೇಜಿಗೋ ಒಪ್ಪಿಸುವಾಗ ಕಟ್ಟಿನ ನಂಬರು, ಪುಸ್ತಕದ ಹೆಸರು, ಮೊದಲ-ಕೊನೆಯ ತಾರೀಖು, ಪುಟಸಂಖ್ಯೆ, ಸ್ಥಿತಿ ಇಷ್ಟಿರುವ ಪಟ್ಟಿಯನ್ನು ಮೂರು ಪ್ರತಿ ಮಾಡಿ, ಎರಡೂ ಕಡೆಯವರು ಪ್ರತಿ ಹಾಳೆಗೆ ಸಹಿ ಹಾಕಬೇಕು. ಒಂದು ಪ್ರತಿ ಅವರಿಗೆ, ಒಂದು ಮಾಲೀಕರ ಮನೆಗೆ, ಮೂರನೆಯದು ಮೊದಲ ಕಟ್ಟಿನೊಳಗೇ.