ಡೆಲಿವರಿ ಕೆಲಸ ಮಾಡುವವರ ಮನೆಯಲ್ಲಿ ಲೆಕ್ಕದ ಪುಸ್ತಕ ಇಡುವುದು ಹೇಗೆ

ನಮ್ಮ ಮನೆಯವರು ಬೆಂಗಳೂರಿನಲ್ಲಿ ಊಟದ ಡೆಲಿವರಿ ಮಾಡುತ್ತಾರೆ. ಮದುವೆಗೆ ಮುಂಚೆ ನಾನು ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ರೈತ ಮೆಕ್ಕೆಜೋಳ ತಂದರೆ ಪಟ್ಟಿ ಹಾಕುತ್ತಿದ್ದೆವು. ಮೇಲೆ ಮಾಲಿನ ಒಟ್ಟು ಬೆಲೆ. ಕೆಳಗೆ ಹಮಾಲಿ, ತೂಕ, ಲಾರಿ ಬಾಡಿಗೆ. ಅದೆಲ್ಲ ಕಳೆದು ಉಳಿದದ್ದು ರೈತನ ಕೈಗೆ. ಡೆಲಿವರಿ ಆ್ಯಪ್‌ನಲ್ಲಿ ಮೇಲಿನ ಸಾಲು ಮಾತ್ರ ಕಾಣುತ್ತದೆ. ಕೆಳಗಿನ ಸಾಲುಗಳನ್ನು ನಾವೇ ಬರೆದುಕೊಳ್ಳಬೇಕು.

ಇದಕ್ಕೆ 100 ಪುಟದ ಒಂದು ನೋಟ್‌ಬುಕ್ ಸಾಕು. ದಿನಕ್ಕೊಂದು ಸಾಲು. ಬೆಳಿಗ್ಗೆ ಹೊರಡುವಾಗ ಬೈಕಿನ ಮೀಟರ್ ಎಷ್ಟಿತ್ತು, ರಾತ್ರಿ ಬಂದಾಗ ಎಷ್ಟಾಯಿತು. ಲಾಗಿನ್ ಎಷ್ಟು ಗಂಟೆಗೆ, ಲಾಗೌಟ್ ಎಷ್ಟು ಗಂಟೆಗೆ. ಆ್ಯಪ್ ತೋರಿಸಿದ ದುಡ್ಡು. ಹಾಕಿಸಿದ ಪೆಟ್ರೋಲ್. ಹೊರಗೆ ಕುಡಿದ ಟೀ, ತಿಂದ ತಿಂಡಿ. ಅಷ್ಟೇ.

ಕಿಲೋಮೀಟರ್‌ಗೆ ಆ್ಯಪ್ ನೋಡಬೇಡಿ, ಬೈಕಿನ ಮೀಟರ್ ನೋಡಿ. ಯಲಹಂಕದಲ್ಲಿ ಊಟ ಕೊಟ್ಟು, ಆರ್ಡರ್ ಬೀಳುವ ಜಾಗಕ್ಕೆ ಖಾಲಿ ವಾಪಸ್ ಬರುವ ದಾರಿಗೂ ಪೆಟ್ರೋಲ್ ಬೇಕಲ್ವಾ? ಸಮಯವೂ ಹಾಗೇ. ಹೋಟೆಲ್ ಮುಂದೆ ಪಾರ್ಸೆಲ್‌ಗೆ ಕಾಯ್ದ 20 ನಿಮಿಷವೂ ಕೆಲಸದ ಸಮಯವೇ. ಲಾಗಿನ್‌ನಿಂದ ಲಾಗೌಟ್‌ವರೆಗೆ ಪೂರ್ತಿ ಹಿಡಿಯಿರಿ.

ಈಗ ಒಂದು ವಾರದ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ಹಾಕಿಕೊಳ್ಳಿ. ಆ್ಯಪ್ ತೋರಿಸಿದ್ದು 6,300 ರೂಪಾಯಿ. ಆರು ದಿನ, ದಿನಕ್ಕೆ 10 ಗಂಟೆ, 110 ಕಿಲೋಮೀಟರ್. ಒಟ್ಟು 660 ಕಿಲೋಮೀಟರ್. ಲೀಟರ್‌ಗೆ 45 ಕೊಡುವ ಬೈಕ್, ಪೆಟ್ರೋಲ್ 103 ರೂಪಾಯಿ ಅಂತ ಹಿಡಿದರೆ 1,511 ರೂಪಾಯಿ. ಆಯಿಲ್, ಟೈರ್, ಚೈನ್, ಬ್ರೇಕ್, ಇನ್ಶೂರೆನ್ಸ್‌ಗೆ ಕಿಲೋಮೀಟರ್‌ಗೆ ಒಂದು ರೂಪಾಯಿ ಎತ್ತಿಡಿ, 660. ಮೊಬೈಲ್ ರೀಚಾರ್ಜ್ 90. ಟೀ, ತಿಂಡಿ 480. ಖರ್ಚು 2,741 ಆಯಿತು. ಉಳಿದದ್ದು 3,559. ಆ್ಯಪ್ ಪ್ರಕಾರ ಗಂಟೆಗೆ 105 ರೂಪಾಯಿ, ಪುಸ್ತಕದ ಪ್ರಕಾರ ಸುಮಾರು 59. ಬೈಕಿನ ಕಂತು ಇನ್ನೂ ಸೇರಿಸಿಲ್ಲ.

ಆ ಕಿಲೋಮೀಟರ್‌ಗೊಂದು ರೂಪಾಯಿಯನ್ನು ಬರೆದು ಸುಮ್ಮನಾಗಬೇಡಿ. ನಿಜವಾಗಿ ಬೇರೆ ಡಬ್ಬಿಗೋ ಬೇರೆ ಖಾತೆಗೋ ಹಾಕಿ. ಟೈರ್ ಸವೆದ ತಿಂಗಳು ಸಾಲ ಮಾಡುವುದು ತಪ್ಪುತ್ತದೆ.

ಗಂಟೆಯ ದುಡ್ಡು ಗೊತ್ತಾದ ಮೇಲೆ ಅದನ್ನು ಎರಡು ಕಡೆ ಬಳಸಿ. ಒಂದು, ಇನ್ಸೆಂಟಿವ್. ರಾತ್ರಿ 11ಕ್ಕೆ ಇನ್ನೆರಡು ಆರ್ಡರ್ ಮಾಡಿದರೆ 150 ಜಾಸ್ತಿ ಅಂತ ಆ್ಯಪ್ ತೋರಿಸುತ್ತದೆ. ದಣಿದ ಹೊತ್ತಿನಲ್ಲಿ, ರಸ್ತೆ ಮೇಲೆ ನಿಂತು ಯಾರಿಗೂ ಸರಿಯಾಗಿ ಲೆಕ್ಕ ಬರುವುದಿಲ್ಲ. ಅದಕ್ಕೇ ಬೆಳಿಗ್ಗೆ ಮನೆಯಲ್ಲೇ ಮಾತಾಡಿಕೊಳ್ಳಿ: ಇವತ್ತು ಎಷ್ಟು ಗಂಟೆಗೆ ಲಾಗೌಟ್, ಎಷ್ಟು ಆರ್ಡರ್ ಬಾಕಿ ಇದ್ದರೆ ಬಿಟ್ಟು ಬರುವುದು. ನಮ್ಮ ಮನೆಯಲ್ಲಿ ಒಂದೇ ಆರ್ಡರ್ ಬಾಕಿ ಇದ್ದರೆ ಕಾಯುತ್ತಾರೆ. ಎರಡಿದ್ದರೆ ಬಂದುಬಿಡುತ್ತಾರೆ. ಮಳೆ ದಿನ ಅದೂ ಇಲ್ಲ. ನೀರು ತುಂಬಿದ ಅಂಡರ್‌ಪಾಸ್‌ನಲ್ಲಿ ಗಾಡಿ ಇಳಿಸುವಷ್ಟು ಬೆಲೆಯ ಇನ್ಸೆಂಟಿವ್ ಯಾವುದೂ ಇಲ್ಲ ಅಂತ ನಾನು ಖಡಾಖಂಡಿತ ಹೇಳುತ್ತೇನೆ.

ಇನ್ನೊಂದು, ಖರೀದಿ. ಎಲ್ಲರ ಮನೆಗೂ ಡಬ್ಬಿ ಮುಟ್ಟಿಸುವವರ ಮನೆಯಲ್ಲೂ ಆಸೆಗಳಿರುತ್ತವೆ. ಇರಲಿ, ತಪ್ಪೇನಿಲ್ಲ. ಆದರೆ ಬೆಲೆಯ ಪಕ್ಕದಲ್ಲಿ ಗಂಟೆಯನ್ನೂ ಬರೆಯಿರಿ. 18,000 ರೂಪಾಯಿಯ ಫೋನ್ ಅಂದರೆ ಮೇಲಿನ ಲೆಕ್ಕದಲ್ಲಿ ಸುಮಾರು 300 ಗಂಟೆ. ದಿನಕ್ಕೆ 10 ಗಂಟೆಯಂತೆ 30 ದಿನದ ದುಡಿಮೆ. ಕೆಲಸಕ್ಕೆ ಫೋನ್ ಬೇಕೇ ಬೇಕು, ಆಗ ಕೊಳ್ಳಿ. ಬಡ್ಡಿ ಇಲ್ಲದ ಕಂತು ಅಂತ ಹೇಳಿದರೂ ಪ್ರೊಸೆಸಿಂಗ್ ಫೀ, ಅದರ ಮೇಲೆ ಜಿಎಸ್‌ಟಿ ಇದೆಯಾ ಅಂತ ಕೇಳಿ, ಒಟ್ಟು ಕಟ್ಟುವ ಹಣವನ್ನೇ ಗಂಟೆಗೆ ತಿರುಗಿಸಿ.

ಪುಸ್ತಕದಲ್ಲಿ ದುಡ್ಡಿನ ಜೊತೆಗೆ ದಿನಗಳನ್ನೂ ಬರೆಯಬೇಕು. ಊರೆಲ್ಲ ಮನೆಯಲ್ಲಿ ಕೂತು ಊಟ ತರಿಸುವ ದಿನವೇ ನಮ್ಮವರಿಗೆ ದುಡಿಮೆ ಜಾಸ್ತಿ. ಭಾನುವಾರ, ಡಿಸೆಂಬರ್ 31, ಕ್ರಿಕೆಟ್ ಫೈನಲ್. ಹೀಗಾಗಿ ರಜೆ ತಾನಾಗಿ ಸಿಗುವುದೇ ಇಲ್ಲ. ನಾವು ಮಂಗಳವಾರವನ್ನು ರಜೆ ಮಾಡಿಕೊಂಡಿದ್ದೇವೆ. ಮಗನಿಗೆ ಸ್ಕೂಲ್ ಇರುತ್ತದೆ, ನಿಜ. ಆದರೆ ಅವನನ್ನು ಬಿಡುವುದು, ಕರೆತರುವುದು, ಸಂಜೆ ಪಾಠ ಹೇಳುವುದು ಎಲ್ಲ ಅವತ್ತು ಅಪ್ಪನದೇ. ತಿಂಗಳ ಮೊದಲ ದಿನ ಹಬ್ಬ, ನೆಂಟರ ಮದುವೆ, ಸ್ಕೂಲ್ ಮೀಟಿಂಗ್ ಬರೆದು, ಯಾವುದಕ್ಕೆ ಆ್ಯಪ್ ಆಫ್ ಅಂತ ಗುರುತು ಹಾಕಿ. ಗುರುತು ಹಾಕಿದ ದಿನವನ್ನು ಸರ್ಜ್ ಬಂದರೂ, ಅಂದರೆ ಆರ್ಡರ್‌ಗೆ ಜಾಸ್ತಿ ದುಡ್ಡು ಅಂತ ಆ್ಯಪ್ ತೋರಿಸಿದರೂ, ಬದಲಾಯಿಸಬೇಡಿ.

ಲೆಕ್ಕ ಬರೆಯುವ ಹೊತ್ತೂ ಮುಖ್ಯ. ಬಾಗಿಲು ತೆರೆಯುತ್ತಲೇ "ಇವತ್ತು ಎಷ್ಟಾಯ್ತು ರೀ?" ಅಂತ ಕೇಳಬೇಡಿ. ದಿನವಿಡೀ ಫೋನು ಅದನ್ನೇ ಕೇಳಿರುತ್ತದೆ. ರೇಟಿಂಗ್ ಇಳಿದಿರಬಹುದು, ಯಾರೋ ಲಿಫ್ಟ್ ಹತ್ತಬೇಡ ಅಂದಿರಬಹುದು. ಊಟ ಆಗಲಿ. ರೇಟಿಂಗ್‌ಗೆ ನಮ್ಮ ಪುಸ್ತಕದಲ್ಲಿ ಕಾಲಂ ಇಲ್ಲ, ಬೇಕಂತಲೇ ಇಟ್ಟಿಲ್ಲ. ಮೂರನೇ ಮಹಡಿಗೆ ನಡೆದು ಹತ್ತಿ ಊಟ ಮುಟ್ಟಿಸಿದ ಮನುಷ್ಯನಿಗೆ ಮನೆಯಲ್ಲೂ ನಕ್ಷತ್ರ ಎಣಿಸಬಾರದು.

ಆ್ಯಪ್‌ನಲ್ಲಿ ಪ್ರತಿ ವಾರ ಬಂದ ದುಡ್ಡು ತೋರಿಸುವ ಪೇಔಟ್ ಪುಟದ ಸ್ಕ್ರೀನ್‌ಶಾಟ್ ತೆಗೆದು ಮನೆಯಲ್ಲಿ ಇನ್ನೊಬ್ಬರ ಫೋನಿಗೂ ಕಳಿಸಿ. ಐಡಿ ಬ್ಲಾಕ್ ಆದರೆ ಹಳೆಯ ಲೆಕ್ಕ ತೆರೆಯಲು ಆಗದೇ ಹೋಗಬಹುದು. ಬ್ಯಾಂಕಿನವರು ಸಂಬಳದ ಚೀಟಿ ಕೇಳಿದಾಗಲೂ ಸ್ಟೇಟ್‌ಮೆಂಟ್ ಜೊತೆ ಇವನ್ನು ತೋರಿಸಬಹುದು. ಹೀಗೆ ಆ್ಯಪ್ ಮೂಲಕ ಕೆಲಸ ಮಾಡುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕದಲ್ಲಿ 2025ರಲ್ಲಿ ಕಾಯ್ದೆ ಬಂದಿದೆ. ಅದರ ಪ್ರಕಾರ ಸಾಮಾನ್ಯವಾಗಿ 14 ದಿನ ಮೊದಲು, ಕಾರಣ ಬರೆದು ತಿಳಿಸದೆ ಕೆಲಸದಿಂದ ತೆಗೆಯುವಂತಿಲ್ಲ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ದೂರು ಕೊಡುವಾಗ ತಾರೀಕು, ಗಂಟೆ, ಆರ್ಡರ್ ನಂಬರ್ ಇದ್ದರೆ ನಿಮ್ಮ ಮಾತಿಗೆ ತೂಕ. ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ ಮಾಡುವ ಇ-ಶ್ರಮ್ ನೋಂದಣಿ ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ. ಆಧಾರ್, ಅದಕ್ಕೆ ಲಿಂಕ್ ಆದ ಮೊಬೈಲ್ ನಂಬರ್, ಬ್ಯಾಂಕ್ ಖಾತೆ ಇಟ್ಟುಕೊಳ್ಳಿ. ಸಹಾಯವಾಣಿ 14434.

ಪುಸ್ತಕದ ಕೊನೆಯ ಪುಟವನ್ನು ಅಪಘಾತಕ್ಕೆ ಮೀಸಲಿಡಿ. ರಕ್ತದ ಗುಂಪು, ಡಿಎಲ್ ನಂಬರ್, ಬೈಕ್ ಪಾಲಿಸಿ, ಕಂಪನಿ ಕೊಟ್ಟ ವಿಮೆಯ ವಿವರ, ಇ-ಶ್ರಮ್ ನಂಬರ್. ಬೈಕ್ ಪಾಲಿಸಿ ಡೆಲಿವರಿ ಕೆಲಸಕ್ಕೂ ನಡೆಯುತ್ತದೆಯೇ ಅಂತ ವಿಮಾ ಕಂಪನಿಯಿಂದ ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. ಏನಾದರೂ ಆದರೆ ಅವತ್ತೇ ಆ ಹೊತ್ತಿನ ಆರ್ಡರ್‌ನ ಸ್ಕ್ರೀನ್‌ಶಾಟ್, ಆಸ್ಪತ್ರೆಯ ಚೀಟಿ, ಪೊಲೀಸ್ ದೂರಿನ ಪ್ರತಿ ಮೂರನ್ನೂ ಒಂದೇ ಕವರ್‌ಗೆ ಹಾಕಿಡಿ. ಆ ಕವರ್ ಎಲ್ಲಿದೆ ಅಂತ ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಲಿ.