ಎರಡು ಡ್ರಾಫ್ಟ್ ಸೆಟ್‌ಗಳನ್ನು ಅಂಕಿಅಂಶಗಳಿಂದ ಹೋಲಿಸುವ ಬಗೆ

‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡಾಟದಲ್ಲಿ, ಪ್ಯಾಕ್ ಒಡೆದು ಒಂದೊಂದೇ ಕಾರ್ಡು ಆರಿಸಿ ಉಳಿದವನ್ನು ಪಕ್ಕದವರಿಗೆ ದಾಟಿಸುತ್ತ ತಂತಮ್ಮ ಡೆಕ್ (ಆಡುವ ಕಾರ್ಡುಗಳ ಕಟ್ಟು) ಕಟ್ಟಿಕೊಳ್ಳುವುದೇ ಡ್ರಾಫ್ಟ್. ಅದಕ್ಕೆ ಎಂಟು ಮಂದಿ ಕೂತರೆ ತಲೆಗೆ ಮೂರರಂತೆ 24 ಪ್ಯಾಕ್‌ಗಳು ಬೇಕು. ಹಿಂಜೆವಾಡಿ, ವಾಕಡ್, ಬಾಣೇರ್ ಕಡೆಗಳಿಂದ ಭಾನುವಾರ ಒಂದೆಡೆ ಸೇರುವ ನಮ್ಮಂಥ ಪುಣೆ ಕನ್ನಡಿಗರ ಗುಂಪಿಗೆ ಅದು ಸಣ್ಣ ಖರ್ಚಲ್ಲ. ಆದರೂ ಯಾವ ಸೆಟ್ (ಒಂದೇ ಹೆಸರಿನಲ್ಲಿ ಒಟ್ಟಿಗೆ ಬಿಡುಗಡೆಯಾಗುವ ಕಾರ್ಡುಗಳ ಸರಣಿ) ತರಿಸಬೇಕೆಂಬ ಚರ್ಚೆಯನ್ನು ಹೆಚ್ಚಿನ ಸಲ ಹಿಂದಿನ ಡ್ರಾಫ್ಟ್ ಗೆದ್ದವರ ನೆನಪೇ ತೀರ್ಮಾನಿಸಿಬಿಡುತ್ತದೆ. ಡಿಜಿಟಲ್ ಆವೃತ್ತಿಯಾದ ಅರೇನಾದಲ್ಲಿ ಆಡುವವರ ಪಂದ್ಯಗಳನ್ನು ಸಂಗ್ರಹಿಸಿ ಪ್ರಕಟಿಸುವ 17 ಲ್ಯಾಂಡ್ಸ್ ತಾಣದ ದತ್ತಾಂಶ ಎಲ್ಲರಿಗೂ ಮುಕ್ತವಾಗಿರುವಾಗ, ಇದಕ್ಕಿಂತ ಗಟ್ಟಿಯಾದ ಆಧಾರದ ಮೇಲೆ ನಿರ್ಧರಿಸಲು ಸಾಧ್ಯ.

ಮೊದಲು ಪ್ರಶ್ನೆಯನ್ನು ಖಚಿತಪಡಿಸಿಕೊಳ್ಳಿ. ‘ಯಾವ ಸೆಟ್ ಚೆನ್ನಾಗಿದೆ’ ಎಂಬುದಕ್ಕೆ ಯಾವ ಅಂಕಿಯೂ ಉತ್ತರ ಕೊಡುವುದಿಲ್ಲ. ಕಾರ್ಡುಗಳ ಐದು ಬಣ್ಣಗಳ ನಡುವೆ ಸಮತೋಲನವಿದೆಯೇ, ಆಟ ಎಷ್ಟು ವೇಗದ್ದು, ಒಂದು ರೇರ್ (ಅಪರೂಪದ) ಕಾರ್ಡು ಇಡೀ ಡೆಕ್ಕಿನ ಹಣೆಬರಹವನ್ನು ಬರೆಯುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಮಾತ್ರ ಬೇರೆ ಬೇರೆಯಾಗಿ ಉತ್ತರ ಹುಡುಕಬಹುದು. ನನ್ನ ದೃಷ್ಟಿಯಲ್ಲಿ ಇವುಗಳಲ್ಲಿ ಮೊದಲನೆಯದೇ ಮುಖ್ಯ, ಏಕೆಂದರೆ ಡೆಕ್ ಸಾಮಾನ್ಯವಾಗಿ ಎರಡು ಬಣ್ಣಗಳದ್ದು, ಮತ್ತು ಐದು ಬಣ್ಣಗಳಿಂದಾಗುವ ಹತ್ತು ಜೋಡಿಗಳಲ್ಲಿ ಮೂರೇ ಬದುಕುವ ಸೆಟ್‌ನಲ್ಲಿ ಎಂಟು ಮಂದಿ ಅದೇ ಕಾರ್ಡುಗಳಿಗಾಗಿ ಕಿತ್ತಾಡಬೇಕಾಗುತ್ತದೆ.

ಎರಡೂ ಸೆಟ್‌ಗಳ ದತ್ತಾಂಶವನ್ನು ಒಂದೇ ಬಗೆಯ ಡ್ರಾಫ್ಟ್‌ನಿಂದ, ಬಿಡುಗಡೆಯಾದ ಮೇಲಿನ ಒಂದೇ ಅವಧಿಯಿಂದ ತೆಗೆದುಕೊಳ್ಳಿ. ಅರೇನಾದಲ್ಲಿ ಒಂದರ ಪ್ರೀಮಿಯರ್ ಡ್ರಾಫ್ಟ್ (ಮನುಷ್ಯರೇ ಕೂತು ಆರಿಸುವ ಬಗೆ) ಅನ್ನು ಇನ್ನೊಂದರ ಕ್ವಿಕ್ ಡ್ರಾಫ್ಟ್ ಜೊತೆ ಹೋಲಿಸಿದರೆ ಫಲಿತಾಂಶಕ್ಕೆ ಅರ್ಥವಿರುವುದಿಲ್ಲ. ಕ್ವಿಕ್‌ನಲ್ಲಿ ಪಕ್ಕದಲ್ಲಿ ಕೂತು ಕಾರ್ಡು ಆರಿಸುವುದು ಮನುಷ್ಯರಲ್ಲ, ಬಾಟ್‌ಗಳು. ಮೊದಲ ಕೆಲವು ದಿನಗಳಲ್ಲಿ ಆಟಗಾರರು ಇನ್ನೂ ಕಲಿಯುತ್ತಿರುತ್ತಾರಾದ್ದರಿಂದ, ಮೂರನೆಯ ಮತ್ತು ನಾಲ್ಕನೆಯ ವಾರಗಳ ಅಂಕಿಗಳು ಹೆಚ್ಚು ನಂಬಿಕೆಗೆ ಅರ್ಹ. 2024ರ ಫೆಬ್ರವರಿಯಲ್ಲಿ ‘ಮರ್ಡರ್ಸ್ ಅಟ್ ಕಾರ್ಲೋವ್ ಮ್ಯಾನರ್’ ಸೆಟ್‌ನೊಂದಿಗೆ ಡ್ರಾಫ್ಟ್ ಬೂಸ್ಟರ್ ಎಂಬ ಪ್ಯಾಕ್ ಹೋಗಿ ಪ್ಲೇ ಬೂಸ್ಟರ್ ಎಂಬ ಪ್ಯಾಕ್ ಬಂದಿತು ಎಂಬುದನ್ನೂ ಮರೆಯಬಾರದು. ಹೊಸ ಪ್ಯಾಕ್‌ನಲ್ಲಿ ಒಂದಕ್ಕಿಂತ ಹೆಚ್ಚು ರೇರ್‌ಗಳು ಬರುವ ಸಾಧ್ಯತೆ ಜಾಸ್ತಿ, ಹಾಗಾಗಿ ಆ ಗೆರೆಯ ಆಚೀಚೆ ಇರುವ ಸೆಟ್‌ಗಳನ್ನು ಹೋಲಿಸುವಾಗ ವ್ಯತ್ಯಾಸ ಕಾರ್ಡುಗಳದ್ದೋ ಪ್ಯಾಕ್‌ನದ್ದೋ ಎಂದು ಕೇಳಿಕೊಳ್ಳಬೇಕು.

ಸಮತೋಲನ ಅಳೆಯುವಾಗ ಗೆಲುವಿನ ಪ್ರಮಾಣವನ್ನು ಹಾಗೆಯೇ ಓದಬೇಡಿ. ತಮ್ಮ ಆಟದ ದಾಖಲೆ ಇಡುವವರು ಸಾಮಾನ್ಯವಾಗಿ ಆಸಕ್ತಿಯಿಂದ ಅಭ್ಯಾಸ ಮಾಡುವವರಾಗಿರುವುದರಿಂದ ಆ ತಾಣದ ಒಟ್ಟು ಸರಾಸರಿ ಶೇ. 50ಕ್ಕಿಂತ ಮೇಲಿರುತ್ತದೆ, ಮತ್ತು ಸೆಟ್‌ನಿಂದ ಸೆಟ್‌ಗೆ ಬದಲಾಗುತ್ತದೆ. ಒಂದು ಸೆಟ್‌ನ ಸರಾಸರಿ 56, ಅದರಲ್ಲಿ ಬಿಳಿ-ನೀಲಿ ಜೋಡಿ 58. ಇನ್ನೊಂದರ ಸರಾಸರಿ 54, ಅದರಲ್ಲಿ ಬಿಳಿ-ನೀಲಿ 57 ಎಂದು ಭಾವಿಸೋಣ. ಮೇಲ್ನೋಟಕ್ಕೆ ಮೊದಲ ಸೆಟ್‌ನ ಜೋಡಿ ಬಲಶಾಲಿ. ಸರಾಸರಿ ಕಳೆದರೆ ಎರಡನೆಯದೇ ತನ್ನ ಪರಿಸರದಲ್ಲಿ ಹೆಚ್ಚು ಮೇಲೇರಿ ನಿಂತಿದೆ. ಹತ್ತೂ ಜೋಡಿಗಳಿಗೆ ಹೀಗೆ ಸರಾಸರಿ ಕಳೆದು, ಉಳಿದ ಅಂತರಗಳು ಎಷ್ಟು ಹರಡಿವೆ ಎಂದು ನೋಡಿ.

ಇದರ ಜೊತೆಗೆ ಜನ ಯಾವ ಜೋಡಿಯನ್ನು ಎಷ್ಟು ಆಡಿದ್ದಾರೆ ಎಂಬ ಲೆಕ್ಕವೂ ಬೇಕು. ಪ್ರತಿ ಜೋಡಿಯ ಪಾಲನ್ನು ದಶಮಾಂಶದಲ್ಲಿ ಬರೆದು, ವರ್ಗ ಮಾಡಿ, ಕೂಡಿಸಿ, 1ನ್ನು ಆ ಮೊತ್ತದಿಂದ ಭಾಗಿಸಿ. ಎಲ್ಲ ಜೋಡಿಗಳೂ ಸಮಪಾಲು ಪಡೆದಿದ್ದರೆ ಉತ್ತರ 10. ಎರಡು ಜೋಡಿಗಳೇ ತಲಾ ಶೇ. 25 ನುಂಗಿ ಉಳಿದ ಎಂಟು ಸಮವಾಗಿ ಹಂಚಿಕೊಂಡಿದ್ದರೆ 6.4. ಹೆಸರಿಗೆ ಹತ್ತು ಜೋಡಿಗಳಿದ್ದರೂ ನಿಜವಾಗಿ ಎಷ್ಟು ಚಲಾವಣೆಯಲ್ಲಿವೆ ಎಂಬುದನ್ನು ಈ ಒಂದು ಸಂಖ್ಯೆ ಹೇಳುವಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಹೇಳುವುದಿಲ್ಲ.

ವೇಗಕ್ಕೆ ಎರಡು ಅಂಕಿಗಳು ಸಾಕು: ಆಟವೊಂದರ ಸರಾಸರಿ ಟರ್ನ್‌ಗಳು (ಸರದಿಗಳು), ಮತ್ತು ಮೊದಲು ಆಡಿದವರ ಗೆಲುವಿನ ಪ್ರಮಾಣ. ರೇರ್‌ಗಳ ಪ್ರಭಾವವನ್ನು ತಿಳಿಯಲು, ಕಾರ್ಡು ಆರಂಭದಲ್ಲೇ ಕೈಗೆ ಬಂದ ಅಥವಾ ಮುಂದೆ ಎಳೆದುಕೊಂಡ ಆಟಗಳ ಗೆಲುವಿನ ಪ್ರಮಾಣವನ್ನು ನೋಡಿ, ಅತ್ಯುತ್ತಮ ಕಾಮನ್‌ಗಳಿಗೂ (ಧಾರಾಳವಾಗಿ ಸಿಗುವ ಕಾರ್ಡುಗಳಿಗೂ) ಅತ್ಯುತ್ತಮ ರೇರ್‌ಗಳಿಗೂ ಇರುವ ಅಂತರವನ್ನು ಎರಡೂ ಸೆಟ್‌ಗಳಲ್ಲಿ ಹೋಲಿಸಿ. ಕಾರ್ಡು ಎಳೆದಾಗ ಗೆಲುವು ಎಷ್ಟು ಹೆಚ್ಚಿತು ಎಂಬ ಅಂಕಿಯನ್ನಂತೂ ಈ ಕೆಲಸಕ್ಕೆ ಬಳಸಬೇಡಿ. ದಾಳಿಯ ಡೆಕ್‌ಗಳು ಬೇಗ ಗೆದ್ದಾಗ ಕಡಿಮೆ ಕಾರ್ಡು ಎಳೆದಿರುತ್ತವೆ, ಆಟ ಉದ್ದವಾದಾಗ ಹೆಚ್ಚು ಎಳೆದೂ ಸೋಲುತ್ತವೆ. ಹೀಗಾಗಿ ಅಲ್ಲಿನ ಒಳ್ಳೆಯ ಕಾರ್ಡೂ ದುರ್ಬಲವೆಂಬಂತೆ ಕಾಣಿಸುತ್ತದೆ.

ಸಣ್ಣ ವ್ಯತ್ಯಾಸಗಳಿಗೆ ಮರುಳಾಗದಿರಲು ಒಂದು ಲೆಕ್ಕ ಬಾಯಿಪಾಠವಿರಲಿ: ಆಟಗಳ ಸಂಖ್ಯೆಯ ವರ್ಗಮೂಲದಿಂದ 100ನ್ನು ಭಾಗಿಸಿದರೆ ಗೆಲುವಿನ ಪ್ರಮಾಣ ಸುಮಾರು ಎಷ್ಟು ಶೇಕಡಾ ಅಂಶ ಆಚೀಚೆ ಆಗಬಹುದೆಂದು ಗೊತ್ತಾಗುತ್ತದೆ. 400 ಆಟಗಳಿಗೆ ಅದು 5, 10,000 ಆಟಗಳಿಗೆ 1. ನಮ್ಮ ಮೇಜಿನಲ್ಲಿ ಎಂಟು ಮಂದಿ ಮೂರು ಸುತ್ತು ಆಡಿದರೆ ಆಗುವುದು 12 ಪಂದ್ಯಗಳು, ಪಂದ್ಯಕ್ಕೆ ಮೂರರಂತೆ ಹೆಚ್ಚೆಂದರೆ 36 ಆಟಗಳು. ಆ ಗೆಲುವುಗಳಿಂದ ಸೆಟ್‌ನ ಸಮತೋಲನವನ್ನು ತೀರ್ಮಾನಿಸಲಾಗದು.

ಅರೇನಾದ ಅಂಕಿಗಳಿಗೂ ಮಿತಿಯಿದೆ. ಅಲ್ಲಿ ಒಂದೇ ಆಟದ ಪಂದ್ಯಗಳಲ್ಲಿ ಆರಂಭದ ಕೈಯ ಲ್ಯಾಂಡ್ (ಉಳಿದ ಕಾರ್ಡುಗಳನ್ನು ಆಡಲು ಬೇಕಾದ ಶಕ್ತಿ ಕೊಡುವ ಕಾರ್ಡು) ಪ್ರಮಾಣವನ್ನು ಯಂತ್ರವೇ ಸ್ವಲ್ಪ ಸರಿದೂಗಿಸುತ್ತದೆ, ಎದುರಾಳಿಯೂ ಸಾಮಾನ್ಯವಾಗಿ ಬೇರೆ ಮೇಜಿನವನು. ನಮ್ಮಲ್ಲಿ ಪಕ್ಕದವನಿಗೆ ದಾಟಿಸಿದ ಕಾರ್ಡು ಮುಂದಿನ ಸುತ್ತಿನಲ್ಲಿ ನಮ್ಮ ಎದುರೇ ಬಂದು ನಿಲ್ಲಬಹುದು. ಆದ್ದರಿಂದ ಮನೆಯ ದಾಖಲೆಯಲ್ಲಿ ಗೆಲುವಿಗಿಂತ ಬೇರೆ ಸಂಗತಿಗಳನ್ನು ಬರೆದಿಡಿ: ಪ್ರತಿ ಆಟ ಎಷ್ಟನೆಯ ಟರ್ನ್‌ಗೆ ಮುಗಿಯಿತು, ಯಾರ ಬಣ್ಣಗಳು ಎಷ್ಟನೆಯ ಪಿಕ್‌ಗೆ (ಆಯ್ಕೆಗೆ) ನೆಲೆಗೊಂಡವು, 40 ಕಾರ್ಡುಗಳ ಡೆಕ್ಕಿನಲ್ಲಿ 17 ಲ್ಯಾಂಡ್ ಬಿಟ್ಟು ಉಳಿಯುವ 23 ಜಾಗಗಳಿಗೆ ಆಡಬಲ್ಲ ಕಾರ್ಡುಗಳು ಎಷ್ಟು ಸಿಕ್ಕವು. ಕೊನೆಯದನ್ನು ಡೆಕ್ ಕಟ್ಟುವ ಮೊದಲೇ ಪ್ರತಿಯೊಬ್ಬರಿಂದಲೂ ಕೇಳಿ ಬರೆದುಕೊಳ್ಳಬೇಕು, ಏಕೆಂದರೆ ಸೋತ ಮೇಲೆ ಎಲ್ಲರಿಗೂ ತಮ್ಮ ಕಾರ್ಡುಗಳು ಕಡಿಮೆಯಾಗಿದ್ದವೆಂದೇ ಅನ್ನಿಸುತ್ತದೆ.